ತೆರೆಯ ಮೇಲಿನ ತುಲಾಭಾರ

ಹವಾಯಿ ದ್ವೀಪಮಾಲೆಯಲ್ಲಿ ಮಾವಿ ಎಂಬುದೊಂದು ದ್ವೀಪ. ಅದರ ಉತ್ತರ ತೀರದಲ್ಲಿ, ಪಾಯಿಯಾ ಎಂಬ ಪುಟ್ಟ ಪಟ್ಟಣಕ್ಕೆ ಸಮೀಪವಾಗಿ, ಹೋಕೀಪ ಎಂಬ ಕಡಲದಂಡೆ ಉಂಟು. ದ್ವೀಪವಾಸಿಗಳ ನುಡಿಯಲ್ಲಿ ಈ ಹೆಸರಿಗೆ ಅತಿಥಿಸತ್ಕಾರವೆಂದು ಅರ್ಥ. ಆದರೆ ಅಲ್ಲಿಯ ಕಡಲು ಅತಿಥಿಗಳನ್ನು ಸತ್ಕರಿಸುವ ಬಗೆಯೇ ಬೇರೆ. ಚಳಿಗಾಲದಲ್ಲಿ ಶಾಂತಸಾಗರದ ಉತ್ತರಭಾಗದಲ್ಲೆಲ್ಲೋ ಎದ್ದ ಬಿರುಗಾಳಿಯು ಉರುಳಿಸಿಬಿಟ್ಟ ತೆರೆಗಳು, ನಡುವೆ ಎಲ್ಲಿಯೂ ನೆಲ ಕಾಣದೆ ಸಾವಿರಾರು ಮೈಲಿ ಸಾಗಿಬಂದು, ಅಲ್ಲಿಯ ನೀರಡಿಯ ಬಂಡೆಗಳನ್ನು ಎಡವಿ ಎದ್ದುನಿಂತು ಮಗುಚುತ್ತವೆ. ಈಶಾನ್ಯದ ವಾಣಿಜ್ಯ ಮಾರುತವು ತೆರೆಗಳಿಗೆ ಅಡ್ಡವಾಗಿ, ಸಮುದ್ರಕ್ಕೆ ಮುಖಮಾಡಿ ನಿಂತವನ ಬಲಗಡೆಯಿಂದ ಬೀಸುತ್ತದೆ. ಎಡಗಡೆ, ಅಂದರೆ ಗಾಳಿಯು ತಳ್ಳಿಕೊಂಡು ಹೋಗುವ ಕಡೆ, ಕರಿಯ ಬಂಡೆಗಳ ಸಾಲು. ಅಲ್ಲಿ ಮುರಿದ ಕೂವೆಮರಗಳಿಗೂ ಹರಿದ ಹಾಯಿಗಳಿಗೂ ಲೆಕ್ಕವಿಟ್ಟವರಿಲ್ಲ.

ಈ ದಂಡೆಯ ಮೇಲಿನ ದಿಣ್ಣೆಯಲ್ಲಿ ನಿಂತು ನೋಡಿದವರಿಗೆ ಕಾಣುವುದು ಒಂದು ಸೋಜಿಗ. ಮನುಷ್ಯನೊಬ್ಬನು ತನ್ನ ಎತ್ತರಕ್ಕಿಂತ ಗೇಣೆರಡು ಗೇಣು ಮಾತ್ರ ಉದ್ದವಾದ ಹಲಗೆಯ ಮೇಲೆ ನಿಂತು, ಪಾರದರ್ಶಕವಾದ ಹಾಯಿಯೊಂದನ್ನು ಕೈಯಲ್ಲಿ ಹಿಡಿದು, ಗಾಳಿಯನ್ನು ಕಡಿವಾಣದಂತೆ ಎಳೆದುಕೊಂಡು ತೆರೆಯನ್ನು ಏರುತ್ತಾನೆ, ಇಳಿಯುತ್ತಾನೆ, ಕೆಲವೊಮ್ಮೆ ಹಲಗೆಸಹಿತ ಆಕಾಶಕ್ಕೆ ನೆಗೆಯುತ್ತಾನೆ. ಇದಕ್ಕೆ ವಿಂಡ್‌ಸರ್ಫಿಂಗ್ ಎಂದು ಹೆಸರು. ದೋಣಿಯ ಹಾಯಿಯೂ ತೆರೆಸವಾರನ ಹಲಗೆಯೂ ಮದುವೆಯಾಗಿ ಹುಟ್ಟಿದ ಕೂಸು ಇದು.

ಈ ಕೂಸಿನ ತಂದೆ ಯಾರೆಂಬ ವಿಷಯದಲ್ಲಿ ದೊಡ್ಡ ವ್ಯಾಜ್ಯವೇ ನಡೆದುಹೋಗಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ ಎಂಬಾತನು 1964ರ ಸುಮಾರಿಗೆ ಇಂಥದೊಂದು ಹಲಗೆಯನ್ನು ಮಾಡಿ, ಅದರ ವಿವರವನ್ನು 1965ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದನು. ಕ್ಯಾಲಿಫೋರ್ನಿಯಾದ ವಿಮಾನಶಾಸ್ತ್ರಜ್ಞ ಜಿಮ್ ಡ್ರೇಕನೂ ಆತನ ಮಿತ್ರ ಹಾಯ್ಲ್ ಶ್ವೈಟ್ಜರನೂ ಕೂಡಿ, ಎತ್ತ ಬೇಕಾದರೂ ಬಾಗುವ ಕೀಲಿನ ಮೇಲೆ ಕೂವೆಮರವನ್ನು ನಿಲ್ಲಿಸುವ ಉಪಾಯಕ್ಕೆ 1968ರಲ್ಲಿ ಅರ್ಜಿ ಹಾಕಿ 1970ರಲ್ಲಿ ಹಕ್ಕುಪತ್ರ ಪಡೆದರು. ಅದೇ ಹಕ್ಕನ್ನು ಇಂಗ್ಲೆಂಡಿನಲ್ಲಿ ಚಲಾಯಿಸಹೊರಟಾಗ, ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗನು 1958ರಲ್ಲಿಯೇ ಹೇಲಿಂಗ್ ದ್ವೀಪದ ಬಳಿ ಇಂಥ ಹಲಗೆಯ ಮೇಲೆ ಆಡಿದ್ದನೆಂಬ ಸಂಗತಿ ಹೊರಬಿದ್ದು, ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಹಕ್ಕನ್ನು ಎತ್ತಿಹಿಡಿಯಲಿಲ್ಲ. ಬಾಲಕನೊಬ್ಬನ ಬೇಸಗೆಯ ಆಟವು ಕೋಟ್ಯಂತರ ಹಣದ ವ್ಯಾಪಾರವನ್ನು ನ್ಯಾಯಪೀಠದ ಮುಂದೆ ತಲೆಕೆಳಗು ಮಾಡಿತು.

ಆ ಮೊದಲ ಕಾಲದ ಹಲಗೆಗಳು ಹನ್ನೆರಡು ಅಡಿ ಉದ್ದದವು. ಅವುಗಳ ಮೇಲೆ ಗಜಪತಿಯಂಥವನು ನಿಂತರೂ ಮುಳುಗುವ ಭಯವಿರಲಿಲ್ಲ. ನಿಧಾನವಾಗಿ, ಗಂಭೀರವಾಗಿ, ದೇವರ ತೆಪ್ಪದಂತೆ ಸಾಗುತ್ತಿದ್ದುವು. ಆದರೆ ಹವಾಯಿಯ ಕೈಲುವಾ ಕೊಲ್ಲಿಯ ತರುಣರಿಗೆ ಈ ಗಾಂಭೀರ್ಯ ಹಿಡಿಸಲಿಲ್ಲ. ಅವರು 1970ರ ದಶಕದಲ್ಲಿ ಹಲಗೆಗೆ ಪಾದಗಳನ್ನು ತೂರಿಸುವ ಪಟ್ಟಿಗಳನ್ನು ಬಿಗಿದರು; ತೆರೆಯಿಂದ ನೆಗೆದರೂ ಹಲಗೆಯು ಕಾಲು ಬಿಟ್ಟು ಹೋಗದಂತಾಯಿತು. ಅಲ್ಲಿ ಬೆಳೆದ ರಾಬಿ ನ್ಯಾಶ್ ಎಂಬ ಹುಡುಗನು 1976ರಲ್ಲಿ, ತನ್ನ ಹದಿಮೂರನೆಯ ವಯಸ್ಸಿನಲ್ಲಿ, ಬಹಾಮಾ ದ್ವೀಪಗಳಲ್ಲಿ ವಿಶ್ವವಿಜೇತನಾದನು. ಆಮೇಲೆ ಹಲಗೆಗಳು ವರ್ಷವರ್ಷಕ್ಕೂ ಕಿರಿದಾದುವು, ತೆಳುವಾದುವು. ಈಗ ತೆರೆಯಾಟಕ್ಕೆಂದೇ ಮಾಡುವ ಹಲಗೆಯ ಉದ್ದ ಸುಮಾರು 225 ಸೆಂಟಿಮೀಟರು; ಅಂದರೆ ಏಳೂವರೆ ಅಡಿಗೂ ಕಡಮೆ. ಹಗುರವಾದ ನೊರೆದಿಂಡಿನ ಒಡಲು, ಅದರ ಮೇಲೆ ಗಾಜಿನ ನೂಲು ಮತ್ತು ಇಂಗಾಲದ ನೂಲಿನ ಹೊದಿಕೆ. ಇಡಿಯ ಹಲಗೆಯ ತೂಕ ಏಳೆಂಟು ಕಿಲೋ ಮಾತ್ರ.

ಹದಿಮೂರರ ಹುಡುಗರಿಗೆ ಇದೆಲ್ಲ ಸರಿ. ಆದರೆ ಹುಡುಗರು ಹದಿಮೂರರಲ್ಲಿಯೇ ನಿಲ್ಲುವುದಿಲ್ಲವಷ್ಟೆ.

ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ವಯಸ್ಸು ನಲವತ್ತೈದು, ತೂಕ 98 ಕಿಲೋ. ಯೌವನದಲ್ಲಿ ತೆರೆಗಳ ಮೇಲೆ ಮೆರೆದವನು. ನಡುವೆ ಉದ್ಯೋಗ, ಸಂಸಾರ, ಔತಣಗಳು ಎಂದು ಇಪ್ಪತ್ತು ವರ್ಷ ಕಳೆದು, ಈಗ ಮಕ್ಕಳು ಕೈಗೆ ಬಂದಮೇಲೆ ಮತ್ತೆ ಕಡಲಿನ ನೆನಪಾಗಿ ಅಂಗಡಿಯ ಬಾಗಿಲಿಗೆ ಬಂದಿದ್ದಾನೆ. ಅಂಗಡಿಯವನು ಮರ್ಯಾದಸ್ಥ. ಕೇಳುವ ಮೊದಲ ಪ್ರಶ್ನೆಯೇ, “ತಮ್ಮ ತೂಕ ಎಷ್ಟು, ಸ್ವಾಮಿ?”

ಇಲ್ಲಿಯೇ ಮೊದಲ ಗಂಡಾಂತರ. ವಯಸ್ಸನ್ನು ಮರೆಸುವವರು ಹೆಂಗಸರು ಮಾತ್ರವೆಂದು ಗಂಡಸರು ಹಾಸ್ಯ ಮಾಡುವುದುಂಟು. ಆದರೆ ತೂಕದ ಮಾತು ಬಂದಾಗ ಗಂಡಸಿನ ನಾಲಿಗೆಯೂ ಹತ್ತು ಕಿಲೋ ಹಗುರವಾಗುತ್ತದೆ. “ಎಂಬತ್ತೆಂಟು ಇರಬಹುದು” ಎನ್ನುತ್ತಾನೆ ಗೃಹಸ್ಥ. ಅಂಗಡಿಯವನು ಅವನ ಹೊಟ್ಟೆಯನ್ನೊಮ್ಮೆ ನೋಡಿ, ಏನೂ ಹೇಳದೆ, ಎಂಬತ್ತೆಂಟಕ್ಕೆ ತಕ್ಕ ಹಲಗೆಯನ್ನು ತೋರಿಸುತ್ತಾನೆ. ವ್ಯಾಪಾರದಲ್ಲಿ ಗಿರಾಕಿಯ ಮಾತನ್ನು ಅಲ್ಲಗಳೆಯುವುದುಂಟೆ? ಆದರೆ ಕಡಲಿಗೆ ಈ ದಾಕ್ಷಿಣ್ಯವಿಲ್ಲ.

ಹಲಗೆಯ ಗಾತ್ರವನ್ನು ಈ ಆಟದವರು ಅಳೆಯುವುದು ಲೀಟರುಗಳಲ್ಲಿ. ಹಾಲಿನ ಅಳತೆ ಹಲಗೆಗೇಕೆ ಎಂದು ತೋರೀತು. ಇದು ಆರ್ಕಿಮಿಡೀಸನ ಲೆಕ್ಕ. ಒಂದು ಲೀಟರು ನೀರನ್ನು ಪಕ್ಕಕ್ಕೆ ಸರಿಸಿದ ವಸ್ತುವನ್ನು, ಆ ಒಂದು ಲೀಟರು ನೀರಿನ ತೂಕದಷ್ಟು ಬಲವು ಮೇಲಕ್ಕೆ ಎತ್ತುತ್ತದೆ. ಸಿಹಿನೀರಾದರೆ ಒಂದು ಕಿಲೋ. ಉಪ್ಪಿನ ದೆಸೆಯಿಂದ ಕಡಲ ನೀರು ತುಸು ಭಾರವಾದುದರಿಂದ ಒಂದು ಕಿಲೋಗೆ 25 ಗ್ರಾಮು ಹೆಚ್ಚು. ಹಲಗೆಯ ಮೇಲೆ 85 ಎಂದು ಬರೆದಿದ್ದರೆ, ಅದು ಪೂರ್ತಿಯಾಗಿ ಮುಳುಗಿದಾಗ ಸುಮಾರು 87 ಕಿಲೋ ಹೊರಬಲ್ಲದು. ಅದಕ್ಕಿಂತ ಒಂದು ಗ್ರಾಮನ್ನೂ ಹೊರಲಾರದು.

ಹೊರಬೇಕಾದುದೆಷ್ಟು? ಗೃಹಸ್ಥನ 98 ಕಿಲೋ. ಹಾಯಿ, ಕೂವೆಮರ, ಹಿಡಿಯುವ ಅಡ್ಡಕಂಬಿ ಎಲ್ಲ ಸೇರಿ 9. ಹಲಗೆ ತನ್ನನ್ನೂ ತಾನು ಹೊರಬೇಕಷ್ಟೆ, ಅದು 8. ಸೊಂಟದ ಕಟ್ಟು, ಒದ್ದೆ ಬಟ್ಟೆ ಎಂದು 2. ಒಟ್ಟು 117 ಕಿಲೋ. ಇಷ್ಟನ್ನು ಉಪ್ಪುನೀರಿನಲ್ಲಿ ತೇಲಿಸಲು 114 ಲೀಟರು ಬೇಕು. ಗೃಹಸ್ಥನು ಕೊಂಡುತಂದುದು 85 ಲೀಟರಿನದು. ತಕ್ಕಡಿಯಲ್ಲಿ 30 ಕಿಲೋ ಕೊರತೆ ಬಿತ್ತು. ಅವನು ಹಲಗೆಯ ಮೇಲೆ ನಿಂತರೆ ಹಲಗೆ ಮುಳುಗುತ್ತದೆ. ಅವನ ಕಾಲುಗಳೂ ನೀರಿಗಿಳಿದು, ಅವೂ ಅಷ್ಟಷ್ಟು ನೀರನ್ನು ಸರಿಸಿ, ಕೊರತೆ ತುಂಬುವ ಹೊತ್ತಿಗೆ ನೀರು ತೊಡೆಯ ಮೇಲ್ಭಾಗಕ್ಕೆ ಬಂದಿರುತ್ತದೆ. ತುಂಗಭದ್ರೆಯ ಹರಿಗೋಲಿನಲ್ಲಿ ಹೆಚ್ಚಿನ ಜನ ಹತ್ತಿದಾಗ ಅಂಚಿನವರೆಗೆ ನೀರು ಬಂದುದನ್ನು ಕಂಡವರು ಉಂಟು. ಆದರೆ ಹರಿಗೋಲಿನ ಮೇಲೆಯೇ ನೀರು ನಿಂತು, ಅದರ ಮೇಲೆ ಅಂಬಿಗನು ಸಮತೋಲ ಕಾಯುವುದನ್ನು ಊಹಿಸಿಕೊಂಡರೆ ಇಲ್ಲಿಯ ಸ್ಥಿತಿ ತಿಳಿದೀತು.

ಅದೇ 60 ಕಿಲೋ ತೂಗುವ ತರುಣನ ಲೆಕ್ಕ ನೋಡಬೇಕು. ಅವನ ಹಾಯಿ ಚಿಕ್ಕದು, ಹಲಗೆ ಹಗುರ. ಎಲ್ಲ ಸೇರಿ 77 ಕಿಲೋ. ಅವನಿಗೆ 75 ಲೀಟರಿನ ಹಲಗೆಯಿದ್ದರೆ ತಕ್ಕಡಿ ಸರಿಸಮ. ಆದುದರಿಂದಲೇ ಪತ್ರಿಕೆಗಳ ಚಿತ್ರಗಳಲ್ಲಿ ಆ ತರುಣನು ಮೆರೆಯುತ್ತಾನೆ. ಚಿತ್ರ ನೋಡಿ ಅದೇ ಹಲಗೆಯನ್ನು ಬಯಸಿದ ಗೃಹಸ್ಥನು ಕಡಲಲ್ಲಿ ಸೊಂಟ ಕಾಣದೆ ನಿಲ್ಲುತ್ತಾನೆ.

ಹಾಗಾದರೆ ಮುಳುಗುವ ಹಲಗೆಯ ಮೇಲೆ ಯಾರೂ ಸಾಗಲಾರರೆ? ಸಾಗಬಲ್ಲರು, ಈ ಆಟದ ಮರ್ಮವೇ ಅದು. ಕೆರೆಯ ನೀರಿನ ಮೇಲೆ ಚಪ್ಪಟೆಯಾದ ಹೆಂಚಿನ ಚೂರನ್ನು ಓರೆಯಾಗಿ ಬೀಸಿ ಎಸೆದರೆ ಅದು ಮುಳುಗದೆ ಕುಪ್ಪಳಿಸುತ್ತ ಹೋಗುವುದನ್ನು ಬಲ್ಲದ ಮಕ್ಕಳಿಲ್ಲ. ಹೆಂಚು ತೇಲುವ ವಸ್ತುವಲ್ಲ. ವೇಗವೇ ಅದನ್ನು ತೇಲಿಸುತ್ತದೆ. ಚಲಿಸುವ ಹಲಗೆಯು ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ಹಲಗೆಯನ್ನು ಮೇಲಕ್ಕೆ ಒತ್ತುತ್ತದೆ. ವೇಗ ಎರಡರಷ್ಟಾದರೆ ಈ ಒತ್ತಡ ನಾಲ್ಕರಷ್ಟಾಗುತ್ತದೆ. ಗಾಳಿ ಬಲವಾಗಿ, ಹಲಗೆ ಒಮ್ಮೆ ನೀರಿನ ಮೇಲಕ್ಕೆದ್ದು ಜಾರತೊಡಗಿತೆಂದರೆ ಲೀಟರುಗಳ ಮಾತೇ ಇಲ್ಲ. ನಿಲ್ಲದೆ ಹೊರಡುವ ಉಪಾಯವೂ ಉಂಟು: ಸವಾರನು ನೀರಿನಲ್ಲಿ ಮಲಗಿ, ಹಾಯಿಯನ್ನು ತಲೆಯ ಮೇಲೆ ಗಾಳಿಗೆ ಒಡ್ಡಿ, ಪಾದಗಳನ್ನು ಹಲಗೆಯ ಮೇಲಿಟ್ಟರೆ ಗಾಳಿಯೇ ಅವನನ್ನು ಕೈಹಿಡಿದು ಎಬ್ಬಿಸಿ ನಿಲ್ಲಿಸುತ್ತದೆ. ಸತ್ಯಭಾಮೆಯು ತನ್ನ ಚಿನ್ನವನ್ನೆಲ್ಲ ತಕ್ಕಡಿಗೆ ಸುರಿದರೂ ಏಳದಿದ್ದ ತಟ್ಟೆಯು ಒಂದು ತುಳಸಿಯ ದಳಕ್ಕೆ ಎದ್ದಿತಂತೆ. ಇಲ್ಲಿ ಗಾಳಿಯೇ ಆ ತುಳಸಿಯ ದಳ.

ಆದರೆ ಗಾಳಿಯು ರುಕ್ಮಿಣಿಯಷ್ಟು ನಂಬಿಗಸ್ಥಳಲ್ಲ.

ಹೋಕೀಪದಲ್ಲಿ ದಡಕ್ಕೆ ಸಮೀಪದ ನೀರಿನಲ್ಲಿ ಗಾಳಿ ಹೊರಗಿನಷ್ಟು ಒಂದೇ ಸಮನೆ ಇರುವುದಿಲ್ಲ, ಬೀಸುತ್ತದೆ, ಬಿಡುತ್ತದೆ. ಎದ್ದುನಿಂತ ತೆರೆಯ ಹಿಂದೆ ಬಗ್ಗಿದಾಗಲಂತೂ ಒಂದೆರಡು ಉಸಿರಿನಷ್ಟು ಹೊತ್ತು ಗಾಳಿಯೇ ಇಲ್ಲ. ಸವಾರನು ಹೊರಗಿನ ಕಡಲನ್ನು ಸೇರಬೇಕಾದುದು ಈ ನೀರನ್ನು ದಾಟಿಯೇ. ಗಾಳಿ ನಿಂತ ಆ ಕ್ಷಣದಲ್ಲಿ 60 ಕಿಲೋದ ತರುಣನು ತನ್ನ ಹಲಗೆಯ ಮೇಲೆ ಪಾದ ಒದ್ದೆಯಾಗುವಷ್ಟು ಇಳಿದು, ಮುಂದಿನ ಗಾಳಿಗೆ ಕಾದು, ಸಾಗಿಹೋಗುತ್ತಾನೆ. ಗೃಹಸ್ಥನು ತೊಡೆಯವರೆಗೆ ಇಳಿಯುತ್ತಾನೆ. ನೀರೊಳಗಿನ ಹಲಗೆಯು ಸುಮ್ಮನಿರದೆ ಅತ್ತಿತ್ತ ವಾಲುತ್ತದೆ. ಹಾಯಿ ನೀರಿಗೆ ಬೀಳುತ್ತದೆ. ಅಷ್ಟರಲ್ಲಿ ಬಂದ ತೆರೆಯು ಹಲಗೆ, ಹಾಯಿ, ಗೃಹಸ್ಥ ಮೂವರನ್ನೂ ಒಟ್ಟಾಗಿ ಉರುಳಿಸಿ ಎಡಕ್ಕೆ ಒಯ್ಯುತ್ತದೆ. ಎಡಕ್ಕೇನಿದೆಯೆಂಬುದನ್ನು ಆಗಲೇ ಹೇಳಿದೆ.

ಇದಿಷ್ಟು ದಡದ ಬಳಿಯ ಮಾತು. ದೂರ ಹೋದಮೇಲೆ ಗಾಳಿ ಇಳಿದರೆ ಸ್ಥಿತಿ ಇನ್ನೂ ಕಠಿನ. ಗಾಳಿಯು ಎಲ್ಲ ಕಡೆಯೂ ದಡದತ್ತ ಬೀಸುವುದಿಲ್ಲ. ದಡದಿಂದ ಕಡಲಿನತ್ತ ಬೀಸುವ ಜಾಗಗಳೂ ಉಂಟು. ಅಲ್ಲಿ ಮುಳುಗುವ ಹಲಗೆಯನ್ನು ಕೊಂಡೊಯ್ದವನು ಹಾಯಿಯನ್ನು ಬಿಟ್ಟು, ಹಲಗೆಯ ಮೇಲೆ ಕವುಚಿ ಮಲಗಿ, ಕೈಯಿಂದ ನೀರು ಒತ್ತುತ್ತ ಬರಬೇಕು. ಬಲ್ಲವರು ಇದನ್ನು ಮೊದಲ ಪಾಠವಾಗಿ ಕಲಿಸುತ್ತಾರೆ: ಹಾಯಿ ಹೋದರೂ ಹಲಗೆಯನ್ನು ಬಿಡಕೂಡದು. ದಡದಲ್ಲಿ ಕಾದು ಕುಳಿತ ಹೆಂಡತಿಮಕ್ಕಳ ಕಣ್ಣಿಗೆ ಮುಳುಗಿಕೊಂಡ ತಲೆಯೊಂದು ಅರ್ಧ ಮೈಲಿ ದೂರದಿಂದ ಕಾಣಲಾರದು. ಎದ್ದುನಿಂತ ಹಾಯಿ ಕಾಣುತ್ತದೆ. ಹಲಗೆಯ ಲೀಟರುಗಳು ಅಂದಚಂದದ ಮಾತಲ್ಲವೆಂಬುದು ಆಗ ತಿಳಿಯುತ್ತದೆ.

ಈಗ 105 ಲೀಟರಿನ ಹಲಗೆಯನ್ನು ತೆಗೆದುಕೊಳ್ಳೋಣ. ಅದು ಹೊರುವುದು ಸುಮಾರು 107 ಕಿಲೋ. ಕೊರತೆ ಹತ್ತೇ ಕಿಲೋ. ಗೃಹಸ್ಥನು ಇದರ ಮೇಲೂ ಮುಳುಗುತ್ತಾನೆ, ಆದರೆ ಮೊಣಕಾಲಿಗಿಂತ ಕೆಳಗೆಯೇ ನೀರು ನಿಲ್ಲುತ್ತದೆ. ಹತ್ತು ಕಿಲೋದ ಕೊರತೆಯನ್ನು ತುಂಬಲು ಬಿರುಗಾಳಿ ಬೇಕಿಲ್ಲ. ಮನುಷ್ಯ ನಡೆಯುವ ವೇಗದಲ್ಲಿ ಹಲಗೆ ಚಲಿಸಿದರೂ ಅಷ್ಟು ಎತ್ತುವ ಬಲ ಹುಟ್ಟುತ್ತದೆ. ಅಂದರೆ ಗಾಳಿ ಬಡವಾದರೂ, ನಿಧಾನವಾಗಿಯಾದರೂ, ನಿಂತುಕೊಂಡೇ ಮನೆಗೆ ಬರಬಹುದು. ಮೂವತ್ತು ಕಿಲೋದ ಕೊರತೆಗೂ ಹತ್ತು ಕಿಲೋದ ಕೊರತೆಗೂ ಇರುವ ಅಂತರ ಮೂರು ಪಟ್ಟು ಎಂದು ಕಾಗದದ ಮೇಲೆ ಕಾಣುತ್ತದೆ; ನೀರಿನಲ್ಲಿ ಅದು ಬರುವುದಕ್ಕೂ ಬಾರದಿರುವುದಕ್ಕೂ ಇರುವ ಅಂತರ.

ಹಾಗೆಂದು 130 ಲೀಟರಿನದನ್ನೇ ಕೊಂಡರಾಯಿತಲ್ಲ, ಪೂರ್ತಿ ನಿಶ್ಚಿಂತೆ ಎನ್ನುವವರು ಉಂಟು. ಅಂಗಡಿಯವನೂ ಒಮ್ಮೊಮ್ಮೆ ಹೀಗೆಯೇ ಹೇಳಿ, ಬೇರೆ ಜಾತಿಯ ದೊಡ್ಡ ಹಲಗೆಯನ್ನು ಸ್ಥೂಲಕಾಯರ ಕೈಗೆ ಕೊಟ್ಟು ಕಳುಹಿಸುತ್ತಾನೆ. ಇದು ಎರಡನೆಯ ತಪ್ಪು. ಸಮತಟ್ಟಾದ ನೀರಿಗೆ ದೊಡ್ಡ ಹಲಗೆ ಒಳ್ಳೆಯದೆ. ಆದರೆ ತೆರೆಯ ಇಳಿಜಾರಿನಲ್ಲಿ ಹಲಗೆಯು ತಿರುಗಬೇಕಾದುದು ತನ್ನ ಅಂಚನ್ನು ನೀರಿಗೆ ಊರಿ. ಚಾಕುವಿನ ಅಲಗು ಬೆಣ್ಣೆಯಲ್ಲಿ ಇಳಿದಂತೆ ಅಂಚು ಇಳಿದರೆ ಹಲಗೆ ಬಾಗಿ ತಿರುಗುತ್ತದೆ. ಅಗಲವೂ ದಪ್ಪವೂ ಹೆಚ್ಚಿದ ಹಲಗೆಯ ಅಂಚು ನೀರಿಗೆ ಇಳಿಯಲೊಲ್ಲದು. ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಹಲಗೆಯು ತಿರುಗದೆ, ಗಡಗಡನೆ ಕುಪ್ಪಳಿಸುತ್ತ, ಸವಾರನ ಇಚ್ಛೆಯನ್ನು ಲೆಕ್ಕಿಸದೆ ನೇರವಾಗಿ ಓಡುತ್ತದೆ. ಹಿಂದೆ ತೆರೆಯು ಮಗುಚಿಕೊಂಡು ಬರುತ್ತಿರುವಾಗ ನೇರವಾಗಿ ಓಡುವ ಹಲಗೆಗಿಂತ ಕೆಟ್ಟ ಸಂಗಾತಿಯಿಲ್ಲ. ಅಲ್ಲದೆ ಬಿದ್ದಾಗ, ದೊಡ್ಡ ಹಲಗೆಯನ್ನು ಮಗುಚುವ ತೆರೆಯು ಹೆಚ್ಚು ಬಲವಾಗಿ ಹಿಡಿದೆಳೆಯುತ್ತದೆ.

ಆದುದರಿಂದ ಈ ಆಟದಲ್ಲಿ ಪಳಗಿದವರ ಸಾಮಾನ್ಯ ಲೆಕ್ಕವೊಂದು ಉಂಟು. ಒಂದೇ ಹಲಗೆಯನ್ನು ಇಟ್ಟುಕೊಳ್ಳುವ ಭಾರದ ಮನುಷ್ಯನು ತನ್ನ ಕಿಲೋಗಳ ಮೇಲೆ ಐದರಿಂದ ಹತ್ತು ಲೀಟರು ಹೆಚ್ಚು ಹಿಡಿದರೆ ಸಾಕು. ಎರಡು ಹಲಗೆಗಳಿಗೆ ಅನುಕೂಲವಿದ್ದರೆ, ಬಿರುಸಾದ ಗಾಳಿಗೆಂದು ತನ್ನ ತೂಕಕ್ಕಿಂತ ಐದಾರು ಲೀಟರು ಕಡಮೆಯದು ಇನ್ನೊಂದು. ತೆರೆಯಾಟದ ಹಲಗೆಗಳು ಸಾಮಾನ್ಯವಾಗಿ 70ರಿಂದ 110 ಲೀಟರಿನ ಸುಮಾರಿನಲ್ಲಿಯೇ ಸಿಗುವುದರಿಂದ, ಗೃಹಸ್ಥನಂಥವರ ಪಾಲಿಗೆ ಪಟ್ಟಿಯ ಕೊನೆಯ ಸಾಲೇ ಗತಿ. ಅಂಗಡಿಯಲ್ಲಿ ಅಂಥದು ಒಂದೋ ಎರಡೋ ಇರುತ್ತದೆ; ಉಳಿದವೆಲ್ಲ ತೆಳ್ಳಗಿನವರಿಗೆ. ಜವಳಿ ಅಂಗಡಿಯಲ್ಲಿ ದಪ್ಪ ಮೈಯವರು ಪಡುವ ಪಾಡೇ ಇಲ್ಲಿಯೂ.

ಲೀಟರು ಸರಿಯಾದರೆ ಎಲ್ಲವೂ ಸರಿಯಾಯಿತೆನ್ನುವಂತಿಲ್ಲ. ಅದೇ 105 ಲೀಟರನ್ನು ಒಬ್ಬ ಶಿಲ್ಪಿ ಉದ್ದವಾಗಿ ಎಳೆಯುತ್ತಾನೆ, ಇನ್ನೊಬ್ಬ ಅಗಲಕ್ಕೆ ಹರಡುತ್ತಾನೆ, ಮತ್ತೊಬ್ಬ ದಪ್ಪದಲ್ಲಿ ಬಚ್ಚಿಡುತ್ತಾನೆ. ಈಗಿನ ಇಂಥ ಹಲಗೆಗಳ ಅಗಲ 62 ಸೆಂಟಿಮೀಟರಿನ ಆಸುಪಾಸು. ಅಗಲವಿದ್ದರೆ ನಿಲ್ಲಲು ಸ್ಥಿರ, ಬೇಗ ಜಾರತೊಡಗುತ್ತದೆ. ಹಿಂಭಾಗ ಮಾತ್ರ ಕಿರಿದಾಗಿರಬೇಕು, ಅಂಚುಗಳು ತೆಳುವಾಗಿರಬೇಕು. ಆಗ ತಿರುವಿನಲ್ಲಿ ಹಿಡಿತ ತಪ್ಪುವುದಿಲ್ಲ. ಭಾರದ ಸವಾರನಿಗೆ ಇಲ್ಲಿ ಒಂದು ವರವೂ ಉಂಟು. ತರುಣನಿಗೆ ಊರಲಾಗದ ದಪ್ಪ ಅಂಚನ್ನು ಅವನ 98 ಕಿಲೋ ಸಲೀಸಾಗಿ ಊರುತ್ತದೆ. ಆದುದರಿಂದ ಅವನ ಹಲಗೆಯು ತರುಣನ ಕಣ್ಣಿಗೆ ಬಾಗಿಲ ಹಲಗೆಯಂತೆ ಕಂಡರೂ, ಅವನ ಕಾಲಡಿಯಲ್ಲಿ ಅದು ತಕ್ಕಮಟ್ಟಿಗೆ ಚುರುಕೇ.

ಅಗಲಕ್ಕಿಂತ ಸೂಕ್ಷ್ಮವಾದುದು ತಳದ ಬಾಗು. ಹಲಗೆಯನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿದರೆ ತೊಟ್ಟಿಲಿನ ಕಾಲಿನಂತೆ ಮೂತಿಯೂ ಬಾಲವೂ ಮೇಲೆದ್ದಿರುತ್ತವೆ. ಇದಕ್ಕೆ ರಾಕರ್ ಎನ್ನುತ್ತಾರೆ. ಬಾಗು ಹೆಚ್ಚಾದಷ್ಟೂ ಹಲಗೆ ಚಿಕ್ಕ ವೃತ್ತದಲ್ಲಿ ತಿರುಗುತ್ತದೆ. ಆದರೆ ನೇರವಾಗಿ ಸಾಗುವಾಗ ನೀರನ್ನು ನೇಗಿಲಿನಂತೆ ಉಳುತ್ತದೆ. ಹಗುರ ಮೈಯವನಿಗೆ ಈ ಉಳುಮೆಯ ಬಾಧೆ ಅಷ್ಟಾಗಿ ತಟ್ಟದು. ಭಾರದವನು ಹಲಗೆಯನ್ನು ಆಳಕ್ಕೆ ಒತ್ತುವುದರಿಂದ ಅವನ ಪಾಲಿಗೆ ಪ್ರತಿಯೊಂದು ಸೆಂಟಿಮೀಟರು ಬಾಗೂ ತೆರಿಗೆಯೇ. ಆದುದರಿಂದ ಅವನು ಬಾಗು ತುಸು ಕಡಮೆಯಿರುವ, ಎರಡು ಪಾದಗಳ ನಡುವೆ ತಳ ನೇರವಾಗಿರುವ ಹಲಗೆಯನ್ನು ಆರಿಸುವುದು ಲೇಸು. ಉತ್ತಮ ಸವಾರರ ಬಾಯಲ್ಲಿ ಹೊಗಳಿಸಿಕೊಂಡ ಅತಿ ಬಾಗಿನ ಹಲಗೆ ಅವನಿಗೆ ಮುಕ್ಕಾಲು ಪಾಲು ದಿನಗಳಲ್ಲಿ ಕಾಲಿಗೆ ಕಟ್ಟಿದ ಗುಂಡೇ ಸರಿ.

ತಳದ ಹಿಂಭಾಗಕ್ಕೆ ಸಿಕ್ಕಿಸುವ ಮೀನಿನ ರೆಕ್ಕೆಯಂಥ ಫಿನ್ನುಗಳು ಒಂದರಿಂದ ನಾಲ್ಕರವರೆಗೆ ಇರುವುದುಂಟು. ಒಂದೇ ದೊಡ್ಡ ಫಿನ್ನು ಗಾಳಿಗೆದುರಾಗಿ ಮೇಲೇರಲು ಒಳ್ಳೆಯದು. ಮೂರಾದರೆ ತಿರುವಿನಲ್ಲಿ ಹಿಡಿತ. ಎಷ್ಟಾದರೂ ಇರಲಿ, ಹಲಗೆಯೊಡನೆ ಬಂದವು ಮಧ್ಯಮ ತೂಕದವನನ್ನು ಮನಸ್ಸಿನಲ್ಲಿಟ್ಟು ಕೊಟ್ಟವಾಗಿರುತ್ತವೆ. ಭಾರದವನು ಹಿಂಗಾಲನ್ನು ಊರಿದೊಡನೆ ಅವು ಪಕ್ಕಕ್ಕೆ ಜಾರಿದರೆ ದೋಷ ಹಲಗೆಯದೆಂದು ಮಾರಿಬಿಡಬಾರದು. ಒಂದೆರಡು ಸೆಂಟಿಮೀಟರು ಉದ್ದದ ಫಿನ್ನು ಹಾಕಿ ನೋಡಬೇಕು. ಹಲಗೆಗಿಂತ ಅದು ಎಷ್ಟೋ ಅಗ್ಗ.

ಗಟ್ಟಿತನದ ಮಾತನ್ನು ಅಂಗಡಿಗಳಲ್ಲಿ ಯಾರೂ ಎತ್ತುವುದಿಲ್ಲ. ಅಲ್ಲಿ ಎಲ್ಲರೂ ಹಲಗೆಯನ್ನು ಕೈಯಲ್ಲಿ ಎತ್ತಿ ‘ಎಷ್ಟು ಹಗುರ!’ ಎಂದು ಮೆಚ್ಚುವವರೇ. ಆದರೆ ತೆರೆಯಿಂದ ನೆಗೆದು ಸಮತಟ್ಟಾಗಿ ನೀರಿಗೆ ಬಂದಿಳಿದಾಗ 60 ಕಿಲೋ ತಾಳಿದ ಹಲಗೆ 98ನ್ನು ತಾಳುತ್ತದೆಂದು ನಂಬುವಂತಿಲ್ಲ. ಪಾದಪಟ್ಟಿಗಳ ನಡುವೆ ಹಲಗೆ ಮುರಿದುದುಂಟು. ಕೂವೆಮರ ಬಂದು ಬಡಿದು ಮೂತಿ ಒಡೆದುದುಂಟು. ಅರ್ಧ ಕಿಲೋ ಹೆಚ್ಚು ತೂಗಿದರೂ ಬಲವಾದ ಹೊದಿಕೆಯದನ್ನೇ ಕೊಳ್ಳಬೇಕು. ತನ್ನ ಮೈಮೇಲೆ 98 ಕಿಲೋ ಹೊತ್ತವನು ಹಲಗೆಯ ಅರ್ಧ ಕಿಲೋಗಾಗಿ ಜಿಪುಣತನ ಮಾಡುವುದು ವಿನೋದವಾದ ಸಂಗತಿ. ಹಳೆಯ ಹಲಗೆಯನ್ನು ಕೊಳ್ಳುವವನಂತೂ ಪಾದ ಇಡುವ ಕಡೆಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡದೆ ಹಣ ಎಣಿಸಕೂಡದು. ಮೆತ್ತಗಾಗಿದ್ದರೆ ಒಳಗಿನ ನೊರೆದಿಂಡು ಹೊದಿಕೆಯನ್ನು ಬಿಟ್ಟಿದೆಯೆಂದೇ ಅರ್ಥ.

ಇನ್ನು ಊರೂರಿಗೂ ಕಡಲು ಬೇರೆ. ಕೆನರಿ ದ್ವೀಪಗಳ ಪೋಜೋ ಎಂಬಲ್ಲಿ ಬೇಸಗೆಯಲ್ಲಿ ಗಾಳಿಯು ಮನುಷ್ಯನನ್ನು ನಿಲ್ಲಗೊಡದಷ್ಟು ಬೀಸುತ್ತದೆ. ಅಲ್ಲಿ ಗೃಹಸ್ಥನಿಗೂ 90 ಲೀಟರು ಧಾರಾಳ. ಜರ್ಮನಿಯ ಸಿಲ್ಟ್ ದ್ವೀಪದಲ್ಲಿ ತೆರೆ ಮುರುಕು, ಗಾಳಿ ತೆರೆಯೊಡನೆಯೇ ದಡದತ್ತ. ಪ್ರತಿ ತೆರೆಯನ್ನೂ ಎದುರಿಸಿ ಹೊರಗೆ ಹೋಗುವುದೇ ಅರ್ಧ ಕೆಲಸ. ಅಲ್ಲಿ ಐದು ಲೀಟರು ಹೆಚ್ಚೇ ಬೇಕು. ಉತ್ತರ ಸಮುದ್ರದ ಚಳಿಗೆ ತೊಡುವ ರಬ್ಬರಿನ ಅಂಗಿಯೊಂದು ಬೇರೆ. ನೀರಿನೊಳಗೆ ಅದು ತೇಲಿಸುವ ಬಂಧು. ಹಲಗೆಯ ಮೇಲೆ ಎದ್ದುನಿಂತಾಗ ನೀರು ಕುಡಿದ ಹೊರೆ. ಹೋಕೀಪದ ಬೆಚ್ಚನೆಯ ನೀರಿನಲ್ಲಿ ಲೆಕ್ಕ ಹಾಕಿದವನು ಅಲ್ಲಿಗೆ ಹೋದಾಗ ಮತ್ತೆ ಮೂರು ನಾಲ್ಕು ಕಿಲೋ ಕೂಡಿಸಿಕೊಳ್ಳಬೇಕು.

ಗಾಳಿಯ ಬಲವು ಅದರ ವೇಗದ ವರ್ಗದಂತೆ ಏರುತ್ತದೆಂಬುದನ್ನೂ ಗಮನಿಸಬೇಕು. ಗಂಟೆಗೆ 30 ಕಿಲೋಮೀಟರಿನ ಗಾಳಿಗಿಂತ 40ರ ಗಾಳಿ ಮೂರನೆಯ ಒಂದು ಪಾಲು ಮಾತ್ರ ಹೆಚ್ಚೆಂದು ತೋರುತ್ತದೆ. ಹಾಯಿಯ ಮೇಲೆ ಅದರ ಒತ್ತಡ ಮುಕ್ಕಾಲಿಗೂ ಮಿಗಿಲಾಗಿ ಹೆಚ್ಚು. ತರುಣನು 4 ಚದರ ಮೀಟರಿನ ಹಾಯಿ ಹಿಡಿಯುವಲ್ಲಿ ಗೃಹಸ್ಥನು 5.3ರದನ್ನು ಹಿಡಿಯುತ್ತಾನೆ. ತೂಕದ ಪ್ರಮಾಣಕ್ಕೆ ಅವನ ಹಾಯಿ ಇನ್ನೂ ದೊಡ್ಡದಾಗಬೇಕಿತ್ತು; ಆದರೆ ಆರೂವರೆ ಚದರ ಮೀಟರನ್ನು ತೆರೆಗಳ ನಡುವೆ ತಿರುಗಿಸುವುದು ಯಾರಿಂದಲೂ ಆಗದು. ಹೀಗಾಗಿ ಭಾರದವನು ಯಾವಾಗಲೂ ಸ್ವಲ್ಪ ಬಡತನದಲ್ಲಿಯೇ ಇರುತ್ತಾನೆ. ಇತರರು ಹಾರಾಡುತ್ತಿರುವಾಗ ಇನ್ನೊಂದಿಷ್ಟು ಗಾಳಿ ಬರಲೆಂದು ಕಾಯುತ್ತಾನೆ. ಅದು ಬಂದಾಗ ಮಾತ್ರ ಕಥೆ ತಿರುಗುತ್ತದೆ. ಹಗುರ ಮೈಯವರನ್ನು ಕಿತ್ತೊಗೆಯುವ ಬಿರುಗಾಳಿಯಲ್ಲಿ ಅವನು ಲಂಗರಿನಂತೆ ನಿಲ್ಲುತ್ತಾನೆ. 2024ರ ಒಲಿಂಪಿಕ್ ಪಂದ್ಯಗಳಲ್ಲಿ, ನೀರಿನಿಂದ ಮೇಲೆದ್ದು ಹಾರುವ ಹೊಸ ಬಗೆಯ ಹಾಯಿಹಲಗೆ ಬಂದಮೇಲೆ, ಗಂಡಸರ ವಿಭಾಗದಲ್ಲಿ ಮೈತೂಕವಿದ್ದವರಿಗೆ ಅನುಕೂಲವಾಯಿತು. ಹಿಂದೆ ಮೈ ಇಳಿಸಿಕೊಳ್ಳಲು ಹಸಿದಿದ್ದವರ ಆಟದಲ್ಲಿ ಮೈ ಬೆಳೆಸಿಕೊಳ್ಳಬೇಕಾದ ಕಾಲವೂ ಬಂತು.

ಗೃಹಸ್ಥನ ಕಥೆ ಹೇಗಾಯಿತು? ಅವನು 85ರ ಹಲಗೆಯನ್ನು ಎರಡು ವಾರ ಹೊತ್ತು ತಿರುಗಿ, ಒಂದು ಕೂವೆಮರವನ್ನು ಬಂಡೆಗಳಿಗೆ ಅರ್ಪಿಸಿ, ಮತ್ತೆ ಅದೇ ಅಂಗಡಿಗೆ ಬಂದನೆಂದು ಇಟ್ಟುಕೊಳ್ಳಬಹುದು. ಈ ಸಲ ಹೆಂಡತಿಯೂ ಜೊತೆಯಲ್ಲಿದ್ದಾಳೆ. ಅಂಗಡಿಯವನು ಮತ್ತೆ ಅದೇ ಪ್ರಶ್ನೆ ಕೇಳುತ್ತಾನೆ. ಗೃಹಸ್ಥನು ಬಾಯಿ ತೆರೆಯುವ ಮೊದಲೇ ಆಕೆ, “ತೊಂಬತ್ತೆಂಟು. ಊಟವಾದಮೇಲೆ ತೊಂಬತ್ತೊಂಬತ್ತು” ಎನ್ನುತ್ತಾಳೆ.

ಅಂಗಡಿಯವನು ಒಳಗಡೆಯಿಂದ, ಗೋಡೆಗೆ ಒರಗಿಸಿದ್ದ ಕೊನೆಯ ಹಲಗೆಯನ್ನು ಹೊರತರುತ್ತಾನೆ. ಮೂರು ಫಿನ್ನು, ಬಾಗು ಕಡಮೆ, ತಳದಲ್ಲಿ 105 ಎಂದು ಬರೆದಿದೆ. ಕೊಳ್ಳುವ ಮುನ್ನ ಒಂದು ಮಧ್ಯಾಹ್ನ ಕಡಲಿಗೆ ಒಯ್ದು ನೋಡಲೆಂದು ಬಾಡಿಗೆಗೆ ಕೊಡುತ್ತಾನೆ. ಒಳ್ಳೆಯ ಅಂಗಡಿಗಳಲ್ಲಿ ಈ ವಾಡಿಕೆ ಉಂಟು. ಗಾಳಿ ಬಿಡುವ ಜಾಗದಲ್ಲಿಯೇ ನಿಂತು ನೋಡಿರೆಂದು ಹೇಳಿಕಳುಹಿಸುತ್ತಾನೆ. ಆಕೆ ದಿಣ್ಣೆಯ ಮೇಲೆ ಕುಳಿತು ನೀರು ಅವನ ಕಾಲಿನಲ್ಲಿ ಎಲ್ಲಿಯವರೆಗೆ ಬರುತ್ತದೆಂದು ನೋಡುತ್ತಾಳೆ. ಗಾಳಿ ನಿಲ್ಲುತ್ತದೆ. ಮೊಣಕಾಲಿನ ಕೆಳಗೆಯೇ ನೀರು ನಿಲ್ಲುತ್ತದೆ. ಹಾಯಿ ಬೀಳದೆ ನಿಂತಿದೆ.